ಸದಾ ಸುಸ್ತಿನ ಕಾಯಿಲೆ: ಬೇರೆಯವರ ಜೊತೆ ಹೇಗೆ ಮಾತಾಡೋದು? ಪದೇ ಪದೇ ಕೇಳುವ ಪ್ರಶ್ನೆಗಳು

ಮದುವೆ ಮನೆಯಲ್ಲಿ, ಆಸ್ಪತ್ರೆಯ ಬೆಂಚಿನ ಮೇಲೆ, ವಾಟ್ಸಾಪ್‌ನಲ್ಲಿ, ಅಪರೂಪಕ್ಕೆ ಬರುವ ಪತ್ರಗಳಲ್ಲಿ ಇವೇ ಪ್ರಶ್ನೆಗಳು ತಿರುಗಿ ತಿರುಗಿ ಬರುತ್ತವೆ. ಕೆಲವನ್ನು ಕಾಯಿಲೆ ಇರುವವರು ಕೇಳಿದ್ದಾರೆ, ಕೆಲವನ್ನು ಅವರ ಮನೆಯವರು. ಒಂದೆರಡು ಸುಮ್ನೆ ಚುಚ್ಚೋಕೆ ಕೇಳಿದವು. ಕೇಳಿದವರ ಮಾತನ್ನು ಹಾಗೇ ಇಟ್ಟಿದ್ದೇನೆ. ನಾನು ಡಾಕ್ಟರಲ್ಲ, ಒಂದು ವೈರಲ್ ಜ್ವರದ ನಂತರ ಈ ಕಾಯಿಲೆಗೆ ಬಿದ್ದವಳು. ನಿಮಗೆ ಬೇಕಾದ ಪ್ರಶ್ನೆಯನ್ನಷ್ಟೇ ಓದಿಕೊಳ್ಳಿ. ಇಡೀ ಪುಟ ಒಂದೇ ಸಲಕ್ಕೆ ಓದುವ ತ್ರಾಣ ನಮ್ಮಲ್ಲಿ ಎಷ್ಟೋ ಜನಕ್ಕೆ ಇರುವುದಿಲ್ಲ.

## ಮೊದಲ ಪ್ರಶ್ನೆಗಳು

ಸಂಜೆ ಹೊತ್ತಿಗೆ ನಮಗೂ ಸುಸ್ತಾಗುತ್ತೆ. ನಿಮ್ಮದೇನು ಅಂಥ ವಿಶೇಷ?

ನಿಮ್ಮ ಸುಸ್ತು ಮಲಗಿ ಎದ್ದರೆ ಹೋಗುತ್ತದೆ. ನಮ್ಮದು ಹೋಗುವುದಿಲ್ಲ. ರಾತ್ರಿಯೆಲ್ಲ ನಿದ್ದೆ ಮಾಡಿದರೂ ಬೆಳಿಗ್ಗೆ ಎದ್ದಾಗ ಹಿಂದಿನ ದಿನ ಎಷ್ಟಿತ್ತೋ ಅಷ್ಟೇ ಇರುತ್ತದೆ.

ಆದರೆ ನಿಜವಾದ ವ್ಯತ್ಯಾಸ ಇದಲ್ಲ. ಮೈಗೋ ತಲೆಗೋ ಅದರ ಮಿತಿ ದಾಟಿ ಕೆಲಸ ಕೊಟ್ಟೆವು ಅಂದುಕೊಳ್ಳಿ. ಆಗಲೇ ಏನೂ ಆಗದೆ ಇರಬಹುದು. ಸಾಮಾನ್ಯವಾಗಿ 12ರಿಂದ 48 ಗಂಟೆ ಕಳೆದ ಮೇಲೆ ಇಡೀ ಮೈ ಕುಸಿಯುತ್ತದೆ. ಗಂಟಲು ನೋವು, ಜ್ವರ ಬಂದಂಥ ಮೈಕೈ ನೋವು, ತಲೆ ಮಂಕು. ಬೆಳಕು ಕಂಡರೆ ಆಗುವುದಿಲ್ಲ, ಮಿಕ್ಸಿ ಸದ್ದು ಕೇಳಿದರೆ ಆಗುವುದಿಲ್ಲ. ಇದು ಕೆಲವು ದಿನ ಇರಬಹುದು, ಕೆಲವು ವಾರವೂ ಇರಬಹುದು. ಡಾಕ್ಟರುಗಳು ಇದನ್ನು ಪೋಸ್ಟ್ ಎಕ್ಸರ್ಷನಲ್ ಮಲೈಸ್, ಚಿಕ್ಕದಾಗಿ ಪಿಇಎಂ ಎನ್ನುತ್ತಾರೆ. ಇಲ್ಲಿ ನಾನು ಕುಸಿತ ಎಂದೇ ಬರೆಯುತ್ತೇನೆ. ಮಿತಿ ದಾಟಲು ಬೆಟ್ಟ ಹತ್ತಬೇಕಾಗಿಲ್ಲ. ತಲೆಸ್ನಾನ ಮಾಡಿ ಕೂದಲು ಒಣಗಿಸುವುದು, ಬ್ಯಾಂಕಿನಲ್ಲಿ ಕ್ಯೂ ನಿಲ್ಲುವುದು, ಒಂದು ಗಂಟೆ ಜೋರು ಹರಟೆ, ಇಷ್ಟು ಸಾಕು.

ಹಾಗಾಗಿ "ನನಗೆ ತುಂಬಾ ಸುಸ್ತು" ಅನ್ನುವುದನ್ನೇ ಬಿಟ್ಟುಬಿಡಿ. ಸುಸ್ತು ಏನೆಂದು ಎಲ್ಲರಿಗೂ ಗೊತ್ತು, ಅವರು ತಮ್ಮದನ್ನೇ ನೆನೆಸಿಕೊಳ್ಳುತ್ತಾರೆ. ಅದರ ಬದಲು ಆಮೇಲೆ ಏನಾಗುತ್ತದೆ ಅಂತ ಹೇಳಿ. "ಇವತ್ತು ನಿಮ್ಮ ಜೊತೆ ಮಾರ್ಕೆಟ್‌ಗೆ ಬಂದರೆ ನಾಳಿದ್ದು ಬಚ್ಚಲಿಗೂ ಗೋಡೆ ಹಿಡಿದುಕೊಂಡು ಹೋಗಬೇಕಾಗುತ್ತೆ" ಎಂದು ನೋಡಿ. ಈ ಮಾತಿಗೆ "ನಮಗೂ ಹಾಗೇ" ಅಂದವರನ್ನು ನಾನು ಇನ್ನೂ ಕಂಡಿಲ್ಲ.

ಇದಕ್ಕೆ ಹೆಸರು ಅಂತ ಇದೆಯಾ? ಅಥವಾ ಈಗೀಗ ಹುಟ್ಟಿಸಿಕೊಂಡಿದ್ದಾ?

ಹೆಸರಿದೆ, ಅದೂ ಉದ್ದವಾದದ್ದು: ಮಯಾಲ್ಜಿಕ್ ಎನ್ಸೆಫಲೋಮಯಲೈಟಿಸ್ ಅಥವಾ ಕ್ರಾನಿಕ್ ಫಟೀಗ್ ಸಿಂಡ್ರೋಮ್. ಎರಡನ್ನೂ ಸೇರಿಸಿ ಎಂಇ/ಸಿಎಫ್ಎಸ್ ಎಂದು ಬರೆಯುತ್ತಾರೆ. ಹೊಸದೇನಲ್ಲ. 1955ರಲ್ಲಿ ಲಂಡನ್ನಿನ ರಾಯಲ್ ಫ್ರೀ ಆಸ್ಪತ್ರೆಯಲ್ಲಿ ಸುಮಾರು 290 ಸಿಬ್ಬಂದಿ ಒಟ್ಟಿಗೆ ಕಾಯಿಲೆ ಬಿದ್ದು, ಆಸ್ಪತ್ರೆಯನ್ನೇ ಕೆಲ ತಿಂಗಳು ಮುಚ್ಚಬೇಕಾಯಿತು. ಮಯಾಲ್ಜಿಕ್ ಎನ್ಸೆಫಲೋಮಯಲೈಟಿಸ್ ಎನ್ನುವ ಹೆಸರು ಬಳಕೆಗೆ ಬಂದದ್ದು ಅದರ ಮರುವರ್ಷ. 1969ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಇದನ್ನು ನರಮಂಡಲದ ಕಾಯಿಲೆಗಳ ಸಾಲಿಗೆ ಸೇರಿಸಿತು.

ಮಾರನೇ ವರ್ಷ, 1970ರಲ್ಲಿ, ಇಬ್ಬರು ಮನೋವೈದ್ಯರು ರಾಯಲ್ ಫ್ರೀಯ ಹಳೆ ಕಡತಗಳನ್ನು ಓದಿ ಅದೆಲ್ಲ ಸಾಮೂಹಿಕ ಹಿಸ್ಟೀರಿಯಾ ಎಂದು ಬರೆದರು. ಕಾಯಿಲೆ ಬಿದ್ದವರಲ್ಲಿ ಹೆಂಗಸರೇ ಜಾಸ್ತಿ ಇದ್ದರು ಎನ್ನುವುದು ಅವರ ಒಂದು ಕಾರಣ. ರೋಗಿಗಳನ್ನು ಪರೀಕ್ಷೆ ಮಾಡಿ ಹೇಳಿದ್ದಲ್ಲ, ಕಡತ ಓದಿ ಹೇಳಿದ್ದು! "ಎಲ್ಲ ನಿನ್ನ ತಲೆಯಲ್ಲಿದೆ" ಎಂದು ಇವತ್ತು ನಿಮಗೆ ಯಾರಾದರೂ ಹೇಳಿದರೆ, ಆ ಮಾತಿಗೆ ಇಷ್ಟು ಹಳೆಯ ಬೇರಿದೆ. ಕ್ರಾನಿಕ್ ಫಟೀಗ್ ಸಿಂಡ್ರೋಮ್ ಎಂಬ ಹೆಸರು ಬಂದದ್ದು 1988ರಲ್ಲಿ, ಅಮೆರಿಕದಲ್ಲಿ. ಕಾಯಿಲೆಯನ್ನು ಹಗುರ ಮಾಡಿದ ಹೆಸರು ಅಂತ ಅನೇಕ ರೋಗಿಗಳು ಅದನ್ನು ಇಷ್ಟಪಡುವುದಿಲ್ಲ. ಕೋವಿಡ್ ಬಂದು ಹೋದ ಮೇಲೆ ಏಳಲಾಗದೆ ಉಳಿದವರಲ್ಲೂ ಒಂದಷ್ಟು ಜನಕ್ಕೆ ಇದೇ ಲಕ್ಷಣಗಳಿವೆ. ಹಾಗಾಗಿ ಈಗ ನಂಬುವವರು ಸ್ವಲ್ಪ ಹೆಚ್ಚಾಗಿದ್ದಾರೆ.

ರಿಪೋರ್ಟ್ ಎಲ್ಲ ನಾರ್ಮಲ್ ಬಂದಿದೆ ಅಂತಲ್ಲ, ಮತ್ತೇನು ತೊಂದರೆ?

ಈ ಕಾಯಿಲೆಯನ್ನು ಹಿಡಿದು ತೋರಿಸುವ ರಕ್ತಪರೀಕ್ಷೆ ಇನ್ನೂ ಬಂದಿಲ್ಲ. ಈಗ ಮಾಡಿಸುವ ಪರೀಕ್ಷೆಗಳು ಬೇರೆ ಕಾಯಿಲೆ ಇಲ್ಲವೆಂದು ಖಾತ್ರಿ ಮಾಡಿಕೊಳ್ಳಲು. ಅವನ್ನು ಖಂಡಿತ ಮಾಡಿಸಲೇಬೇಕು. ನಮ್ಮ ದೇಶದಲ್ಲಿ 15ರಿಂದ 49 ವಯಸ್ಸಿನ ಹೆಂಗಸರಲ್ಲಿ ಶೇ 57 ಮಂದಿಗೆ ರಕ್ತಹೀನತೆ ಇದೆ ಎಂದು 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಹೇಳಿದೆ. ಅದರ ಜೊತೆಗೆ ಥೈರಾಯ್ಡ್, ಸಕ್ಕರೆ, ಬಿ12 ಕೊರತೆ, ಟಿಬಿ, ನಿದ್ದೆಯಲ್ಲಿ ಉಸಿರು ಕಟ್ಟುವ ತೊಂದರೆ. ಇವುಗಳಿಗೆಲ್ಲ ಚಿಕಿತ್ಸೆ ಇದೆ. ಇವನ್ನು ನೋಡದೆ ತಾವೇ ಎಂಇ/ಸಿಎಫ್ಎಸ್ ಎಂದು ತೀರ್ಮಾನ ಮಾಡಿಕೊಳ್ಳಬೇಡಿ.

ಸಂಶೋಧನೆಗೆಂದು ಮಾಡುವ ಒಂದು ಪರೀಕ್ಷೆಯಲ್ಲಿ ವ್ಯತ್ಯಾಸ ಕಾಣುತ್ತದೆ. ಉಸಿರಿನ ಮಾಸ್ಕ್ ಹಾಕಿ ಸೈಕಲ್ ತುಳಿಸುತ್ತಾರೆ, ಮಾರನೇ ದಿನ ಮತ್ತೆ ತುಳಿಸುತ್ತಾರೆ. ಆರೋಗ್ಯವಂತರು ಎರಡನೇ ದಿನವೂ ಹೆಚ್ಚುಕಮ್ಮಿ ಅಷ್ಟೇ ತುಳಿಯುತ್ತಾರೆ. ಈ ಕಾಯಿಲೆ ಇರುವವರಲ್ಲಿ ಅನೇಕರಿಗೆ ಅದು ಆಗುವುದಿಲ್ಲ. ಇದನ್ನು ಹೇಳುವುದು "ಮೈಯಲ್ಲಿ ಏನೋ ನಡೆಯುತ್ತಿದೆ" ಎಂದು ತಿಳಿಸಲಿಕ್ಕೆ ಮಾತ್ರ. ಮಾಡಿಸಿಕೊಂಡರೆ ಕುಸಿತ ಗ್ಯಾರಂಟಿ, ಆಸೆಪಟ್ಟು ಹುಡುಕಿಕೊಂಡು ಹೋಗಬೇಡಿ.

ನೋಡೋಕೆ ಚೆನ್ನಾಗೇ ಇದ್ದೀರಲ್ಲ?

"ಮಲಗಿರೋ ದಿನ ನಿಮ್ಮ ಕಣ್ಣಿಗೆ ಬೀಳಲ್ಲ, ಅದಕ್ಕೇ." ಇಷ್ಟೇ ಸಾಕು. ನಗುತ್ತಾ ಹೇಳಿದರೆ ಇನ್ನೂ ಚೆನ್ನ.

ನಿನ್ನೆ ಸತ್ಯನಾರಾಯಣ ಪೂಜೆಗೆ ಬಂದು ಊಟ ಮಾಡ್ಕೊಂಡು ಹೋದೆ. ಇವತ್ತು ಏಳೋಕಾಗಲ್ಲ ಅಂದ್ರೆ ಯಾರು ನಂಬ್ತಾರೆ?

ಇದನ್ನು ಮೊಬೈಲ್ ಬ್ಯಾಟರಿಯ ಲೆಕ್ಕದಲ್ಲಿ ಹೇಳುವವರು ತುಂಬಾ ಜನ. ನನಗೆ ಅದು ಅಷ್ಟು ಹಿಡಿಸುವುದಿಲ್ಲ. "ರಾತ್ರಿ ಚಾರ್ಜಿಗೆ ಹಾಕು, ಬೆಳಿಗ್ಗೆ ಫುಲ್" ಎಂದು ಕೇಳಿದವರು ಅರ್ಥ ಮಾಡಿಕೊಳ್ಳುತ್ತಾರೆ. ನಾನು ಮೀಟರ್ ಬಡ್ಡಿ ಅನ್ನುತ್ತೇನೆ. ಪೂಜೆಗೆ ಬಂದದ್ದು ಸಾಲದ ದುಡ್ಡಲ್ಲಿ. ತೀರಿಸುವುದು ಮಾರನೇ ದಿನದಿಂದ, ತಂದದ್ದಕ್ಕಿಂತ ಎಷ್ಟೋ ಪಟ್ಟು. ಹಳ್ಳಿಯಲ್ಲಿ ಆಗಲಿ ಪೇಟೆಯಲ್ಲಿ ಆಗಲಿ, ಮೀಟರ್ ಬಡ್ಡಿ ಅಂದರೆ ಬಿಡಿಸಿ ಹೇಳಬೇಕಾಗಿಲ್ಲ.

ಇನ್ನೊಂದು ಉಪಾಯ: ಹೋಗುವ ಮುಂಚೆಯೇ ಹೇಳಿಬಿಡುವುದು. "ಇವತ್ತು ಬರ್ತೀನಿ ಅಕ್ಕ, ನಾಳೆ ನಾಡಿದ್ದು ಫೋನ್ ತೆಗೀದಿದ್ರೆ ತಪ್ಪು ತಿಳ್ಕೋಬೇಡಿ." ಕುಸಿತ ಬಂದ ಮೇಲೆ ಹೇಳಿದರೆ ನೆಪ ಅನ್ನಿಸುತ್ತದೆ. ಮೊದಲೇ ಹೇಳಿ ಹಾಗೇ ಆದರೆ, ಎರಡನೇ ಸಲಕ್ಕೆ ಅವರೇ ನಂಬುತ್ತಾರೆ.

## ಮನೆಯವರ ಜೊತೆ

ಮನೆಯಲ್ಲಿ ಮೊದಲ ಸಲ ಕೂತು ಹೇಳ್ಬೇಕು. ಎಲ್ಲಿಂದ ಶುರು ಮಾಡಲಿ?

ಕುಸಿತದ ದಿನ ಶುರು ಮಾಡಬೇಡಿ. ಜಗಳದ ನಡುವೆಯಂತೂ ಬೇಡವೇ ಬೇಡ. ಸ್ವಲ್ಪ ಪರವಾಗಿಲ್ಲ ಅನ್ನಿಸುವ ದಿನ, ಟಿವಿ ಆಫ್ ಮಾಡಿ, ಹದಿನೈದು ನಿಮಿಷಕ್ಕೆ ಮುಗಿಸಿ. ಎಲ್ಲರನ್ನೂ ಸೇರಿಸಿ ಸಭೆ ಮಾಡುವುದಕ್ಕಿಂತ, ಮನೆಯಲ್ಲಿ ಯಾರ ಮಾತು ನಡೆಯುತ್ತದೋ ಅವರೊಬ್ಬರಿಗೆ ಮೊದಲು ಹೇಳುವುದು ಒಳ್ಳೆಯದು.

ಇಡೀ ವೈದ್ಯಶಾಸ್ತ್ರ ಬೇಡ. ಕಾಯಿಲೆಯ ಹೆಸರು, ಕುಸಿತ ಹೇಗೆ ಬರುತ್ತದೆ ಎಂಬ ಒಂದು ಉದಾಹರಣೆ, ಆಮೇಲೆ ನಿಮಗೆ ಬೇಕಾದದ್ದು. ಎಲ್ಲರೂ ಮರೆಯುವುದು ಈ ಕೊನೆಯದನ್ನೇ. ಅರ್ಧ ಗಂಟೆ ಕಷ್ಟ ಹೇಳಿಕೊಂಡು ಏನೂ ಕೇಳದೆ ಎದ್ದು ಹೋದರೆ, ಮನೆಯವರಿಗೆ ದುಃಖ ಮಾತ್ರ ಉಳಿಯುತ್ತದೆ, ಏನು ಮಾಡಬೇಕೆಂದು ತಿಳಿಯುವುದಿಲ್ಲ. "ಬೆಳಿಗ್ಗೆ ನೀರು ತುಂಬಿಸೋದು, ಬಟ್ಟೆ ಒಣಗಿ ಹಾಕೋದು ಇನ್ನು ಮೇಲೆ ನನ್ನಿಂದ ಆಗಲ್ಲ, ಯಾರು ಮಾಡ್ತೀರಿ?" ಎಂದು ಕೇಳಿ. ಕೈ ಎತ್ತಿ ಹಗ್ಗಕ್ಕೆ ಬಟ್ಟೆ ಹಾಕುವುದು ಎಷ್ಟು ಕಷ್ಟ ಅಂತ ಕೈಲಾಗುವವರಿಗೆ ಗೊತ್ತಾಗುವುದಿಲ್ಲ.

ಅತ್ತೆ ಎದುರಿಗೆ ಹಗಲು ಹೊತ್ತು ಮಲಗೋಕೆ ಮುಜುಗರ. ಅವರು ಬಾಯಿ ಬಿಟ್ಟು ಏನೂ ಅನ್ನಲ್ಲ, ಆದ್ರೆ ಪಾತ್ರೆ ಸದ್ದು ಜೋರಾಗುತ್ತೆ.

ಈ ಪ್ರಶ್ನೆ ಕಳಿಸಿದವರ ಜೊತೆ ಕೂತು ಒಂದು ಕಾಫಿ ಕುಡಿಯಬೇಕು ಅನ್ನಿಸಿತು.

ಮಲಗುವುದಕ್ಕೆ ಹೊತ್ತು ಗೊತ್ತು ಮಾಡಿಕೊಳ್ಳಿ. ಹನ್ನೊಂದಕ್ಕೆ ಅರ್ಧ ಗಂಟೆ, ಮೂರಕ್ಕೆ ಒಂದು ಗಂಟೆ, ಹೀಗೆ. ಸುಸ್ತಾದಾಗ ಮಲಗಿದರೆ ಅದು ಮೈಗಳ್ಳತನದ ಹಾಗೆ ಕಾಣುತ್ತದೆ. ಹೊತ್ತಿಗೆ ಸರಿಯಾಗಿ ಮಲಗಿದರೆ ಮಾತ್ರೆ ತೆಗೆದುಕೊಂಡ ಹಾಗೆ ಕಾಣುತ್ತದೆ. ಕಾಯಿಲೆಗೂ ಅದೇ ಒಳ್ಳೆಯದು, ಕುಸಿಯುವ ಮುಂಚೆ ವಿರಾಮ ಸಿಗುತ್ತದೆ. ಆ ಹೊತ್ತನ್ನು ಡಾಕ್ಟರ ಕೈಯಲ್ಲಿ ಚೀಟಿಯ ಮೇಲೆ ಬರೆಸಿಕೊಂಡು ಬನ್ನಿ. ಸಾಧ್ಯವಾದರೆ ಅತ್ತೆಯನ್ನೇ ಜೊತೆಗೆ ಕರೆದುಕೊಂಡು ಹೋಗಿ. ಸೊಸೆ ಹೇಳಿದರೆ ನೆಪ, ಡಾಕ್ಟರ್ ಹೇಳಿದರೆ ಪಥ್ಯ. ಇದು ಅನ್ಯಾಯ ಅಂತ ನನಗೂ ಗೊತ್ತು, ಆದರೆ ಕೆಲಸಕ್ಕೆ ಬರುತ್ತದೆ.

ಹಿರಿಯರ ಹತ್ತಿರ ಮಾತಾಡುವಾಗ ಅವರು ಕಂಡದ್ದನ್ನೇ ನೆನಪಿಸಿ. 2006ರಲ್ಲಿ ಕರ್ನಾಟಕದ ಊರೂರಲ್ಲೂ ಚಿಕುನ್‌ಗುನ್ಯಾ ಬಂತಲ್ಲ. ಜ್ವರ ವಾರದೊಳಗೆ ಬಿಟ್ಟಿತು, ಕೀಲು ನೋವು ಮಾತ್ರ ಎಷ್ಟೋ ಜನಕ್ಕೆ ತಿಂಗಳುಗಟ್ಟಲೆ ಬಿಡಲಿಲ್ಲ. "ಅತ್ತೆ, ಆಗ ನಿಮಗೆ ಜ್ವರ ಹೋದ ಮೇಲೂ ನೆಲಕ್ಕೆ ಕೂತರೆ ಏಳೋಕಾಗ್ತಿರಲಿಲ್ಲ ಅಂತಿದ್ರಲ್ಲ. ನನ್ನದೂ ಜ್ವರ ಬಿಟ್ಟು ಹೋದ ಮೇಲೆ ಉಳ್ಕೊಂಡಿದ್ದು." ಎರಡೂ ಒಂದೇ ಕಾಯಿಲೆ ಅಲ್ಲ. ಆದರೂ ಜ್ವರ ಇಳಿದ ಮಾತ್ರಕ್ಕೆ ಕಾಯಿಲೆ ಮುಗಿಯುವುದಿಲ್ಲ ಅನ್ನುವುದು ಅವರಿಗೆ ತಮ್ಮ ಮೊಣಕಾಲಿನಿಂದಲೇ ಗೊತ್ತು.

ಮುಜುಗರ ಕಳೆಯಲೆಂದು ಸೊಪ್ಪು ಬಿಡಿಸುವುದು, ಬೆಳ್ಳುಳ್ಳಿ ಸುಲಿಯುವುದು ಮಾಡುತ್ತೇನೆ ಅನ್ನುವವರಿದ್ದಾರೆ. ಮಾಡಿ, ಆದರೆ ಆರಾಮ ಕುರ್ಚಿಯಲ್ಲಿ ಒರಗಿ, ಮಲಗುವ ಹೊತ್ತು ಬಿಟ್ಟು ಮಾಡಿ.

ನನ್ನ ಹೆಂಡತಿಗೆ ಇದೆ. ನಾನು ಏನು ಮಾತಾಡಿದ್ರೂ ತಪ್ಪಾಗುತ್ತೆ. ಏನು ಹೇಳಲಿ?

"ಏನಾದ್ರೂ ಬೇಕಿದ್ರೆ ಹೇಳು" ಅನ್ನಬೇಡಿ. ಏನು ಬೇಕು ಅಂತ ಯೋಚಿಸಿ ಹೇಳುವುದೂ ಅವರಿಗೆ ಒಂದು ಕೆಲಸ. "ಅನ್ನ ಸಾರು ನಾನು ಮಾಡ್ತೀನಿ, ನೀನು ಮಲ್ಕೋ" ಅನ್ನಿ, ಹಾಗೇ ಮಾಡಿ. ಅಡುಗೆಮನೆಯಿಂದ ಪ್ರತಿ ಎರಡು ನಿಮಿಷಕ್ಕೆ "ಹುಣಸೆಹಣ್ಣು ಎಲ್ಲಿದೆ?" ಎಂದು ಕೂಗಿದರೆ ಅದು ಸಹಾಯ ಅಲ್ಲ.

"ಇವತ್ತು ಪರವಾಗಿಲ್ವಾ?" ಎಂದು ದಿನಾ ಕೇಳುವುದೂ ಭಾರವೇ. ನೀವು ಒಳ್ಳೆ ಉತ್ತರಕ್ಕೆ ಕಾಯುತ್ತಿದ್ದೀರಿ ಅಂತ ಅವರಿಗೆ ಗೊತ್ತು. ಒಂದರಿಂದ ಹತ್ತರವರೆಗೆ ಒಂದು ಅಂಕಿ ಹೇಳಿಸಿಕೊಳ್ಳಿ, ಅಲ್ಲಿಗೆ ಮುಗಿಯಿತು. ನಿಮಗೂ ಸಿಟ್ಟು ಬರುತ್ತದೆ, ಬೇಜಾರಾಗುತ್ತದೆ. ಅದನ್ನು ಹೇಳಿಕೊಳ್ಳಲು ನಿಮಗೊಬ್ಬ ಗೆಳೆಯ ಇರಲಿ.

ಎಲ್ಲಕ್ಕಿಂತ ಮುಖ್ಯ, ನಿಮ್ಮ ಅಮ್ಮನಿಗೆ, ಅಕ್ಕನಿಗೆ ಹೇಳುವ ಕೆಲಸ ನಿಮ್ಮದು. ಅದನ್ನು ಹೆಂಡತಿಯ ಮೇಲೆ ಬಿಡಬೇಡಿ. ಮಗನೇ "ಅವಳಿಗೆ ಆಗಲ್ಲ ಅಮ್ಮ, ನಾನು ಮಾಡ್ತೀನಿ" ಅಂದ ಮನೆಗಳಲ್ಲಿ ಅರ್ಧ ಜಗಳ ಅಲ್ಲಿಗೇ ನಿಂತಿದ್ದನ್ನು ಕಂಡಿದ್ದೇನೆ.

ಮಕ್ಕಳಿಗೆ ಎಷ್ಟು ಹೇಳಬೇಕು?

ಸಣ್ಣ ಮಕ್ಕಳ ಭಯ ಎರಡೇ: ಅಮ್ಮ ಸತ್ತು ಹೋಗ್ತಾಳಾ? ಇದು ನನ್ನಿಂದ ಆಯ್ತಾ? ಅವರು ಕೇಳದಿದ್ದರೂ ಎರಡಕ್ಕೂ ಉತ್ತರ ಹೇಳಿ. ಮಾತು ಕೊಡುವುದರಲ್ಲಿ ಮಾತ್ರ ಜಿಪುಣರಾಗಿರಿ. "ಭಾನುವಾರ ಪಾರ್ಕಿಗೆ ಹೋಗೋಣ" ಅನ್ನುವ ಬದಲು "ಭಾನುವಾರ ಹಾಸಿಗೆ ಮೇಲೆ ಕೂತು ಚೌಕಾಬಾರ ಆಡೋಣ, ಮೈ ಚೆನ್ನಾಗಿದ್ರೆ ಪಾರ್ಕು" ಅನ್ನಿ. ಹದಿವಯಸ್ಸಿನ ಮಕ್ಕಳಿಗೆ ಇಡೀ ವಿಷಯ ಹೇಳಬಹುದು. ಅವರೇ ಇಂಟರ್‌ನೆಟ್ಟಿನಲ್ಲಿ ಓದಿಕೊಂಡು ಬರುತ್ತಾರೆ, ಹೇಗಿದ್ದರೂ.

## ನೆಂಟರು, ಗೆಳೆಯರು

"ದಿನಾ ವಾಕಿಂಗ್ ಮಾಡು, ಯೋಗ ಮಾಡು, ಎಲ್ಲ ಸರಿಹೋಗುತ್ತೆ" ಅಂತಾರೆ. ಒಳ್ಳೇದಕ್ಕೇ ಹೇಳ್ತಾರೆ, ಹೇಗೆ ಬೇಡ ಅನ್ನೋದು?

ಬಿಪಿ, ಸಕ್ಕರೆ ಕಾಯಿಲೆ, ಬೆನ್ನು ನೋವು, ಬಹುಪಾಲು ಕಾಯಿಲೆಗಳಿಗೆ ಈ ಮಾತು ಸರಿ. ಅದಕ್ಕೇ ಹೇಳುವವರಿಗೆ ಅಷ್ಟು ಧೈರ್ಯ. ಇದಕ್ಕೆ ಮಾತ್ರ ತಿರುಗುಮುರುಗು.

ಡಾಕ್ಟರುಗಳೂ ಬಹಳ ವರ್ಷ ಇದನ್ನೇ ಹೇಳಿದರು. ವಾರ ವಾರ ವ್ಯಾಯಾಮ ಹೆಚ್ಚಿಸುತ್ತಾ ಹೋಗುವ ಚಿಕಿತ್ಸೆಯನ್ನು, ಯಾವ ಕಾಯಿಲೆಗೆ ಏನು ಚಿಕಿತ್ಸೆ ಎಂದು ಡಾಕ್ಟರುಗಳಿಗೆ ಸಲಹೆ ಕೊಡುವ ಬ್ರಿಟನ್ನಿನ ನೈಸ್ ಸಂಸ್ಥೆ 2007ರಲ್ಲಿ ಶಿಫಾರಸು ಮಾಡಿತ್ತು. ಅದರಿಂದ ತಮ್ಮ ಕಾಯಿಲೆ ಕೆಟ್ಟಿತೆಂದು ರೋಗಿಗಳು ವರ್ಷಗಟ್ಟಲೆ ಕೂಗಿ ಹೇಳಿದರು. ಪುರಾವೆಗಳನ್ನೆಲ್ಲ ಮತ್ತೆ ತೂಗಿ ನೋಡಿ 2021ರ ಅಕ್ಟೋಬರ್‌ನಲ್ಲಿ ನೈಸ್ ಆ ಸಲಹೆಯನ್ನು ಕೈಬಿಟ್ಟಿತು. ಈಗ ಹೇಳುವುದು, ಇರುವ ತ್ರಾಣದ ಒಳಗೇ ಬದುಕುವುದನ್ನು ಕಲಿಯಿರಿ ಎಂದು. ಇಂಗ್ಲಿಷಿನಲ್ಲಿ ಇದಕ್ಕೆ ಪೇಸಿಂಗ್ ಅನ್ನುತ್ತಾರೆ.

ನೆಂಟರಿಗೆ ಇಷ್ಟು ಹೇಳಿ: "ನೀವು ಹೇಳೋದು ಬೇರೆ ಕಾಯಿಲೆಗೆ ಸರಿ ಚಿಕ್ಕಪ್ಪ. ಇದಕ್ಕೆ ವ್ಯಾಯಾಮ ಮಾಡಿದ್ರೆ ಕಾಯಿಲೆ ಜಾಸ್ತಿ ಆಗುತ್ತೆ, ಮೊದಲು ಡಾಕ್ಟರ್‌ಗಳೂ ಹಾಗೇ ಹೇಳ್ತಿದ್ರು, ಈಗ ಬಿಟ್ಟಿದ್ದಾರೆ." ದೊಡ್ಡ ಡಾಕ್ಟರುಗಳೇ ಮಾತು ಬದಲಿಸಿದ್ದಾರೆ ಎಂದಾಗ ಚಿಕ್ಕಪ್ಪನಿಗೂ ಬದಲಿಸಲು ನಾಚಿಕೆ ಆಗುವುದಿಲ್ಲ. ಯೋಗದಲ್ಲಿ ಮಲಗಿಕೊಂಡು ನಿಧಾನವಾಗಿ ಉಸಿರಾಡುವುದು ಕೆಲವರಿಗೆ ಹಾಯೆನಿಸುತ್ತದೆ. ಸೂರ್ಯನಮಸ್ಕಾರದ ತಂಟೆಗೆ ಹೋಗಬೇಡಿ.

"ಒಂದು ಬಾಟ್ಲಿ ಗ್ಲೂಕೋಸ್ ಹಾಕಿಸ್ಕೊ, ಎದ್ದು ಕೂರ್ತೀಯ" ಅಂತ ಅತ್ತಿಗೆ. ಅಮ್ಮ ಅಶ್ವಗಂಧ ಅಂತಾರೆ. ಪಕ್ಕದ ಮನೆಯವರು ದೃಷ್ಟಿ ತೆಗೆಸು ಅಂತಾರೆ.

ಗ್ಲೂಕೋಸಿನ ಲೆಕ್ಕ ನೋಡಿ. ಸಾಮಾನ್ಯವಾಗಿ ಏರಿಸುವ ಶೇ 5ರ 500 ಮಿಲಿ ಬಾಟಲಿಯಲ್ಲಿ ಇರುವುದು 25 ಗ್ರಾಂ ಗ್ಲೂಕೋಸ್. ಒಂದು ಲೋಟ ಪಾಯಸದಲ್ಲಿ ಅಷ್ಟು ಸಕ್ಕರೆ ಇರುತ್ತದೆ, ಗೋಡಂಬಿ ಬೇರೆ! ಎದ್ದು ನಿಂತರೆ ತಲೆ ತಿರುಗುವ ಕೆಲವರಿಗೆ ಸಲೈನ್ ಏರಿಸಿದಾಗ ಒಂದಿಷ್ಟು ಹೊತ್ತು ಚೆನ್ನಾಗಿ ಅನ್ನಿಸುವುದು ನಿಜ. ಅದು ನೀರು ಮತ್ತು ಉಪ್ಪು ಸೇರಿದ್ದರಿಂದ. ಅದನ್ನು ಡಾಕ್ಟರ್ ತೀರ್ಮಾನಿಸಲಿ. ಥೈರಾಯ್ಡ್ ಮಾತ್ರೆ ತೆಗೆದುಕೊಳ್ಳುವವರು ಡಾಕ್ಟರನ್ನು ಕೇಳದೆ ಅಶ್ವಗಂಧ ಮುಟ್ಟಬೇಡಿ.

ದೃಷ್ಟಿ ತೆಗೆಸುವುದಕ್ಕೆ ನಾನು ಬೇಡ ಅನ್ನುವುದಿಲ್ಲ. ಕೂತಲ್ಲೇ ಐದು ನಿಮಿಷದಲ್ಲಿ ಮುಗಿಯುತ್ತದೆ, ತೆಗೆದವರಿಗೆ ಸಮಾಧಾನ. ಮೂರು ಗಂಟೆ ಬಸ್ಸಲ್ಲಿ ಹೋಗಿ ತೀರಿಸುವ ಹರಕೆಗೆ ಮಾತ್ರ "ಮನೆಯಿಂದಲೇ ಕೈ ಮುಗೀತೀನಿ" ಎನ್ನಿ.

ಸಲಹೆಗೆಲ್ಲ ಒಂದೇ ಉತ್ತರ ಬೇಕಾದರೆ: "ಬರೆದಿಟ್ಕೊಂಡಿದ್ದೀನಿ, ಡಾಕ್ಟರ್ ಹತ್ರ ಕೇಳ್ತೀನಿ." ವಾದ ಮಾಡುವುದಕ್ಕೂ ತ್ರಾಣ ಬೇಕಲ್ವಾ?

ಹತ್ತಿರದವರ ಮದುವೆ. ಹೋಗದಿದ್ರೆ ಜನ್ಮವಿಡೀ ಆಡ್ಕೋತಾರೆ, ಹೋದ್ರೆ ಹಾಸಿಗೆ.

ಮದುವೆಗೆ ಹೋಗುವುದು ಅಂದರೆ ಎರಡು ದಿನ ಪೂರ್ತಿ ಹೋಗುವುದು ಎಂದೇ ನಾವು ಲೆಕ್ಕ ಹಾಕುತ್ತೇವೆ. ತುಂಡು ಮಾಡಿ. ಆರತಕ್ಷತೆ ಬಿಟ್ಟುಬಿಡಿ. ಆ ಸ್ಟೇಜಿನ ಕ್ಯೂ, ಲೈಟು, ಆರ್ಕೆಸ್ಟ್ರಾ, ಇವಕ್ಕಿಂತ ಕೆಟ್ಟದ್ದು ನಮಗೆ ಇಲ್ಲ. ಧಾರೆ ಹೊತ್ತಿಗೆ ಹೋಗಿ, ಹಿಂದಿನ ಸಾಲಿನಲ್ಲಿ ಕುರ್ಚಿ ಹಿಡಿದು ಕೂತು, ಅಕ್ಷತೆ ಹಾಕಿ, ಹೊರಟುಬಿಡಿ. ಮುಯ್ಯಿಯನ್ನು ಮನೆಯವರ ಕೈಯಲ್ಲಿ ಕಳಿಸಿ. ಊಟದ ಮನೆಯ ನೂಕುನುಗ್ಗಲು ಬೇಡ.

ಮುಖ್ಯವಾದದ್ದು ವಾರದ ಮುಂಚೆಯೇ ಮದುವೆ ಮನೆಯ ಹಿರಿಯರಿಗೆ ನೀವೇ ಫೋನ್ ಮಾಡುವುದು. "ಅತ್ತಿಗೆ, ಧಾರೆಗೆ ಬಂದೇ ಬರ್ತೀನಿ, ಅರ್ಧ ಗಂಟೆ ಮಾತ್ರ ಇರೋಕಾಗುತ್ತೆ. ಉಳ್ಕೊಳ್ಳಿ ಅಂತ ಒತ್ತಾಯ ಮಾಡಬೇಡಿ, ಆಮೇಲೆ ನನಗೆ ಬೇಡ ಅನ್ನೋಕೆ ಕಷ್ಟ." ನಮ್ಮಲ್ಲಿ ಬೇಜಾರು ಆಗುವುದು ಬರದೇ ಇದ್ದದ್ದಕ್ಕಲ್ಲ, ಹೇಳದೇ ಇದ್ದದ್ದಕ್ಕೆ. ಮುಂದಿನ ಎರಡು ಮೂರು ದಿನ ಏನೂ ಕೆಲಸ ಇಟ್ಟುಕೊಳ್ಳಬೇಡಿ.

ಫೋನಲ್ಲಿ ಮಾತಾಡಿದ್ರೂ ಸುಸ್ತಾಗುತ್ತೆ ಅಂದ್ರೆ ಗೆಳತಿ ನಗ್ತಾಳೆ. ನಿಜಾನಾ ಇದು?

ನಿಜ. ಕೇಳುವುದು, ಪದ ಹುಡುಕುವುದು, ನಗಬೇಕಾದ ಕಡೆ ನಗುವುದು, ಎಲ್ಲಕ್ಕೂ ತಲೆ ಕೆಲಸ ಮಾಡಬೇಕು. ಹೇಳಬೇಕಾದ ಪದ ನಾಲಿಗೆ ತುದಿಗೆ ಬಂದು ನಿಲ್ಲುತ್ತದೆ. ಗೆಳತಿಗೆ ಹೇಳಿ: "ವಾಯ್ಸ್ ಮೆಸೇಜ್ ಹಾಕು, ಮಲಗ್ಕೊಂಡೇ ಕೇಳ್ತೀನಿ. ಉತ್ತರಕ್ಕೆ ಅವಸರ ಮಾಡ್ಬೇಡ." ಫೋನೇ ಬೇಕಾದರೆ ಹತ್ತು ನಿಮಿಷ ಎಂದು ಮೊದಲೇ ಮಾತಾಡಿಕೊಳ್ಳಿ. ಗಡಿಯಾರ ನೋಡಿ ನಿಲ್ಲಿಸುವ ಕೆಲಸ ಅವಳದೇ ಇರಲಿ.

## ಡಾಕ್ಟರು, ಆಫೀಸು

ಡಾಕ್ಟರ್ ಕೊಡೋದು ಐದು ನಿಮಿಷ. ಅದರಲ್ಲಿ ಏನು ಹೇಳಲಿ?

ಒಂದು ಹಾಳೆ ಬರೆದುಕೊಂಡು ಹೋಗಿ, ಒಂದೇ ಹಾಳೆ. ಮೇಲೆ ಯಾವಾಗ, ಯಾವ ಜ್ವರದ ನಂತರ ಶುರುವಾಯಿತು. ಆಮೇಲೆ ಮುಂಚೆ ಏನು ಮಾಡುತ್ತಿದ್ದೆ, ಈಗ ಏನು ಮಾಡಲಾಗುವುದಿಲ್ಲ. ಕುಸಿತದ ಒಂದು ಉದಾಹರಣೆಯನ್ನು ದಿನ, ಹೊತ್ತಿನ ಸಮೇತ ಬರೆಯಿರಿ.

ಅಮೆರಿಕದ ಇನ್‌ಸ್ಟಿಟ್ಯೂಟ್ ಆಫ್ ಮೆಡಿಸಿನ್ 2015ರಲ್ಲಿ ಈ ಕಾಯಿಲೆ ಗುರುತಿಸಲು ಒಂದು ಸರಳ ಪಟ್ಟಿ ಕೊಟ್ಟಿದೆ. ಆರು ತಿಂಗಳಿಗಿಂತ ಹೆಚ್ಚು ಕಾಲ ಸುಸ್ತಿನ ಜೊತೆಗೆ ಮೊದಲಿನ ಕೆಲಸಗಳು ತೀರಾ ಕಡಿಮೆ ಆಗಿರಬೇಕು, ಕುಸಿತ ಇರಬೇಕು, ನಿದ್ದೆಯಿಂದ ಚೈತನ್ಯ ಬರಬಾರದು. ಈ ಮೂರರ ಜೊತೆ ತಲೆ ಮಂಕು ಅಥವಾ ನಿಂತರೆ ಹೆಚ್ಚಾಗುವ ತೊಂದರೆ, ಎರಡರಲ್ಲಿ ಒಂದಾದರೂ ಇರಬೇಕು. ನಿಮ್ಮ ಹಾಳೆಯನ್ನು ಇದೇ ಕ್ರಮದಲ್ಲಿ ಬರೆದರೆ ಡಾಕ್ಟರಿಗೆ ಹುಡುಕುವ ಕೆಲಸ ಇಲ್ಲ.

ನಿಂತಾಗ ಎದೆ ಹೊಡೆದುಕೊಳ್ಳುವುದಿದ್ದರೆ ಅದನ್ನು ಅಲ್ಲೇ ನೋಡಲು ಕೇಳಿಕೊಳ್ಳಿ. ಮಲಗಿಸಿ ನಾಡಿ, ಬಿಪಿ ನೋಡುತ್ತಾರೆ, ಆಮೇಲೆ ನಿಲ್ಲಿಸಿ ಹತ್ತು ನಿಮಿಷ ನೋಡುತ್ತಾರೆ. ದೊಡ್ಡವರಲ್ಲಿ ಬಿಪಿ ಇಳಿಯದೆ ನಾಡಿ ನಿಮಿಷಕ್ಕೆ 30 ಬಡಿತ ಅಥವಾ ಅದಕ್ಕಿಂತ ಜಾಸ್ತಿ ಏರಿ ಹಾಗೇ ನಿಂತರೆ ಅದು ಪಾಟ್ಸ್ ಎನ್ನುವ ತೊಂದರೆ ಇರಬಹುದು. ಅದಕ್ಕೆ ಔಷಧಿ ಇದೆ. ಈ ಕಾಯಿಲೆಯಲ್ಲಿ ಔಷಧಿ ಸಿಗುವ ಕೆಲವೇ ತೊಂದರೆಗಳಲ್ಲಿ ಇದೊಂದು, ಕೇಳದೆ ಬರಬೇಡಿ.

"ಡಿಪ್ರೆಷನ್ ಇರಬೇಕು" ಅಂತ ಮಾತ್ರೆ ಬರೆದುಕೊಟ್ರು. ಅವಮಾನ ಆಯ್ತು.

ಅವಮಾನ ಅಂದುಕೊಳ್ಳಬೇಡಿ, ಡಿಪ್ರೆಷನ್ನೂ ಒಂದು ಕಾಯಿಲೆಯೇ. ಆದರೆ ಎರಡೂ ಒಂದೇ ಅಲ್ಲ. ಡಿಪ್ರೆಷನ್ನಿನಲ್ಲಿ ಬಹಳ ಸಲ ಏನೂ ಬೇಡ ಅನ್ನಿಸುತ್ತದೆ. ನಮಗೆ ಎಲ್ಲ ಬೇಕು, ಮೈ ಬರುವುದಿಲ್ಲ. ಡಿಪ್ರೆಷನ್ ಇರುವವರಿಗೆ ಓಡಾಟದಿಂದ ಒಳ್ಳೆಯದಾಗುತ್ತದೆ. ನಮಗೆ ಕುಸಿತ. "ಈ ಕಾಯಿಲೆ ಇಲ್ಲದಿದ್ದರೆ ನಾಳೆ ಏನು ಮಾಡ್ತೀರಿ?" ಎಂದು ಕೇಳಿ ನೋಡಿ, ನಮ್ಮವರು ಹತ್ತು ಕೆಲಸದ ಪಟ್ಟಿ ಕೊಡುತ್ತಾರೆ. ಡಾಕ್ಟರಿಗೆ ಇದನ್ನೇ ಹೇಳಿ.

ಎರಡೂ ಒಟ್ಟಿಗೆ ಇರುವುದೂ ಉಂಟು. ವರ್ಷಗಟ್ಟಲೆ ಯಾರೂ ನಂಬದಿದ್ದರೆ ಮನಸ್ಸು ಮುರಿಯದೆ ಇರುತ್ತದೆಯೇ? ಬದುಕೇ ಬೇಡ ಅನ್ನಿಸಿದರೆ 14416ಕ್ಕೆ ಫೋನ್ ಮಾಡಿ. ಅದು ಕೇಂದ್ರ ಸರ್ಕಾರದ ಟೆಲಿ ಮಾನಸ್. ದಿನದ 24 ಗಂಟೆಯೂ ಇರುತ್ತದೆ, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡಬಹುದು.

ಆಫೀಸಲ್ಲಿ ಹೇಳಬೇಕಾ? ಹೇಳಿದ್ರೆ ಕೆಲಸ ಹೋಗುತ್ತೇನೋ ಅಂತ ಭಯ.

ನಿಮ್ಮ ಭಯ ಸುಳ್ಳಲ್ಲ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲಿ 21 ಬಗೆಯ ವೈಕಲ್ಯಗಳಿವೆ, ದೀರ್ಘಕಾಲದ ನರಸಂಬಂಧಿ ಕಾಯಿಲೆಗಳು ಅಂತಲೂ ಒಂದು ಬಗೆ ಇದೆ. ಆದರೆ ಈ ಕಾಯಿಲೆಯ ಹೆಸರು ಅಲ್ಲಿಲ್ಲ. ಹಾಗಾಗಿ ಕಾಯ್ದೆ ತೋರಿಸಿ ಕೇಳುವುದಕ್ಕಿಂತ ಮಾತಾಡಿ ಒಪ್ಪಿಸುವುದೇ ಸದ್ಯಕ್ಕೆ ದಾರಿ.

ಎಲ್ಲರಿಗೂ ಹೇಳಬೇಕಾಗಿಲ್ಲ. ನಿಮ್ಮ ಕೆಲಸ ಹಂಚುವವರೊಬ್ಬರಿಗೆ, ಕಾಯಿಲೆಯ ಕಥೆಗಿಂತ ಕೆಲಸದ ಮಾತಲ್ಲೇ ಹೇಳಿ. "ಸರ್, ವಾರದಲ್ಲಿ ಎರಡು ದಿನ ಮನೆಯಿಂದ ಮಾಡೋಕೆ ಬಿಟ್ರೆ ಐದೂ ದಿನದ ಕೆಲಸ ಮುಗಿಸ್ತೀನಿ. ಬಿಡದಿದ್ರೆ ತಿಂಗಳಲ್ಲಿ ಎರಡು ಮೂರು ಸಲ ರಜೆ ಹಾಕಬೇಕಾಗುತ್ತೆ." ಅವರಿಗೆ ಬೇಕಾಗಿರುವುದು ಈ ಲೆಕ್ಕ. ಡಾಕ್ಟರ ಪತ್ರ ಕೈಯಲ್ಲಿರಲಿ, ಕೇಳಿದರೆ ಕೊಡಿ. ಒಪ್ಪಿದ್ದನ್ನು ಇಮೇಲಿನಲ್ಲಿ ಬರೆಸಿಕೊಳ್ಳಿ, ಮ್ಯಾನೇಜರುಗಳು ಬದಲಾಗುತ್ತಿರುತ್ತಾರೆ.

## ಇನ್ನೂ ಕಷ್ಟದ ಮಾತುಗಳು

ಮಗಳಿಗೆ ಸಂಬಂಧ ನೋಡ್ತಿದ್ದೀವಿ. ಗಂಡಿನ ಕಡೆಯವರಿಗೆ ಹೇಳಬೇಕಾ? ಹೇಳಿದ್ರೆ ಯಾರು ಬರ್ತಾರೆ?

ಹೇಳಬೇಕು. ಕೆಲವರು ಬರುವುದಿಲ್ಲ, ಅದೂ ನಿಜ. ಮುಚ್ಚಿಟ್ಟು ಮದುವೆ ಮಾಡಿದರೆ ಮೊದಲ ತಿಂಗಳಲ್ಲೇ ಗೊತ್ತಾಗುತ್ತದೆ. ಹೊಸ ಮನೆ, ನೆಂಟರ ಸಾಲು, ಬೆಳಿಗ್ಗೆ ಐದಕ್ಕೆ ಏಳುವುದು, ಎಷ್ಟು ದಿನ ನಡೆಯುತ್ತದೆ? ಬೀಳುವವಳು ನಿಮ್ಮ ಮಗಳು, ಮೋಸಗಾತಿ ಎಂಬ ಹೆಸರೂ ಅವಳಿಗೇ. ಹಿಂದೂ ವಿವಾಹ ಕಾಯ್ದೆಯ 12ನೇ ಕಲಂ ಪ್ರಕಾರ ಮುಖ್ಯ ಸಂಗತಿಯೊಂದರ ಬಗ್ಗೆ ಮೋಸ ಮಾಡಿ ಒಪ್ಪಿಗೆ ಪಡೆದಿದ್ದರೆ ಮದುವೆ ರದ್ದು ಮಾಡಿ ಎಂದು ಕೋರ್ಟಿಗೆ ಹೋಗಲೂ ಬಹುದು.

ಜಾತಕ ಕೊಡುವಾಗಲೇ ಹೇಳಬೇಕಿಲ್ಲ. ಹುಡುಗ ಹುಡುಗಿ ಕೂತು ಮಾತಾಡುವ ಹಂತ ಬಂದಾಗ, ನಿಶ್ಚಿತಾರ್ಥಕ್ಕೆ ಮುಂಚೆ, ಅವಳೇ ಅವನಿಗೆ ಹೇಳಲಿ. ದೊಡ್ಡವರು ಹೇಳಿದರೆ ಹುಳುಕು ಹೇಳಿಕೊಂಡ ಹಾಗೆ ಕೇಳಿಸುತ್ತದೆ. ಅವಳು ಹೇಳಿದರೆ "ನಾನು ಹೀಗೆ ಬದುಕ್ತೀನಿ" ಎಂದ ಹಾಗಿರುತ್ತದೆ. ಮಗಳಿಗೆ ಮದುವೆ ಬೇಕಾ ಅಂತ ಮೊದಲು ಕೇಳಿದ್ದೀರಿ ತಾನೇ?

ಯಾವಾಗ ವಾಸಿಯಾಗುತ್ತೆ ಅಂತ ಎಲ್ಲರೂ ಕೇಳ್ತಾರೆ. ಏನಂತ ಹೇಳಲಿ?

ವಾಸಿ ಮಾಡುವ ಔಷಧಿ ಇನ್ನೂ ಇಲ್ಲ. ಸುಧಾರಿಸುವವರು ಇದ್ದಾರೆ, ಏರಿಳಿತದಲ್ಲೇ ಇರುವವರು ಇನ್ನೂ ಜಾಸ್ತಿ. ದೊಡ್ಡವರಲ್ಲಿ ಮೊದಲಿನ ಹಾಗೆ ಪೂರ್ತಿ ಆಗುವವರು ಕಡಿಮೆ, ಮಕ್ಕಳಲ್ಲಿ ಸ್ವಲ್ಪ ಹೆಚ್ಚು. ಇದನ್ನೆಲ್ಲ ತರಕಾರಿ ಅಂಗಡಿಯಲ್ಲಿ ಸಿಕ್ಕವರಿಗೆ ಹೇಳುವ ಋಣ ನಿಮಗಿಲ್ಲ. ಅವರಿಗೆ "ನಿಧಾನಕ್ಕೆ" ಎಂದರೆ ಸಾಕು. ಮನೆಯವರಿಗೆ, ಒಡನಾಡಿಗಳಿಗೆ ಮಾತ್ರ ಇದ್ದದ್ದನ್ನು ಇದ್ದ ಹಾಗೆ ಹೇಳಿ. "ಮುಂದಿನ ಯುಗಾದಿ ಹೊತ್ತಿಗೆ ಸರಿಹೋಗ್ತೀನಿ" ಎಂದು ವಾಯಿದೆ ಕೊಟ್ಟರೆ, ಆ ಯುಗಾದಿಗೆ ಮತ್ತೆ ಉತ್ತರ ಹೇಳಬೇಕಾದವರು ನೀವೇ.

ಎಷ್ಟು ಹೇಳಿದ್ರೂ ನಂಬದೇ ಇರೋರಿಗೆ ಇನ್ನೂ ಎಷ್ಟು ಸಲ ಹೇಳೋದು?

ನಾನು ಎರಡು ಸಲ ಹೇಳುತ್ತೇನೆ. ಮೂರನೇ ಸಲ "ನಿಮಗೆ ನಂಬಿಕೆ ಬರದಿದ್ರೂ ಪರವಾಗಿಲ್ಲ, ನನಗೆ ಆಗಲ್ಲ ಅಷ್ಟೇ" ಎಂದು ಮಾತು ಬದಲಿಸುತ್ತೇನೆ. ಒಬ್ಬರು ನಂಬಬೇಕಾಗಿಲ್ಲ, ಗೇಟಿನ ಬೀಗ ತೆಗೆದುಕೊಟ್ಟರೆ ಸಾಕು, ಭಾರದ ಚೀಲ ಹಿಡಿದುಕೊಂಡರೆ ಸಾಕು. ನಂಬದೆಯೇ ಸಹಾಯ ಮಾಡಿದ ನೆಂಟರು ನನಗಿದ್ದಾರೆ. ಪೂರ್ತಿ ನಂಬಿ ಒಂದು ಲೋಟ ನೀರೂ ಕೊಡದವರೂ ಇದ್ದಾರೆ.

ಗೆಳತಿಯ ಮಗ ಹಾಸಿಗೆ ಹಿಡಿದು ವರ್ಷ ಆಯ್ತು. ನೋಡೋಕೆ ಹೋಗ್ಬೇಕು. ಹೇಗೆ ಮಾತಾಡೋದು?

ಈ ಕಾಯಿಲೆ ಇರುವವರಲ್ಲಿ ಕಾಲು ಭಾಗದಷ್ಟು ಜನ ಯಾವುದಾದರೂ ಹಂತದಲ್ಲಿ ಮನೆಯಿಂದ ಹೊರಬರಲಾಗದ ಅಥವಾ ಹಾಸಿಗೆಯಿಂದ ಏಳಲಾಗದ ಸ್ಥಿತಿಗೆ ಹೋಗುತ್ತಾರೆ. ಅವರಿಗೆ ಬೆಳಕು, ಸದ್ದು, ವಾಸನೆ, ಮುಟ್ಟುವುದು, ಎಲ್ಲವೂ ಏಟು. ಮೊದಲು ಫೋನ್ ಮಾಡಿ ಯಾವ ಹೊತ್ತು ಒಳ್ಳೆಯದು ಎಂದು ಕೇಳಿ. ಹೊರಡುವ ಮುಂಚೆ ಇನ್ನೊಮ್ಮೆ ಕೇಳಿ, ಬೇಡ ಅಂದರೆ ಬೇಸರಪಡಬೇಡಿ. ಸೆಂಟ್ ಹಾಕಿಕೊಳ್ಳಬೇಡಿ, ಮಲ್ಲಿಗೆ ಮುಡಿದು ಹೋಗಬೇಡಿ. ಗಾಜಿನ ಬಳೆ ತೆಗೆದಿಟ್ಟು ಹೋಗಿ. ಕೋಣೆಗೆ ಒಬ್ಬರೇ ಹೋಗಿ, ಫೋನ್ ಹೊರಗಿಟ್ಟು.

ಪ್ರಶ್ನೆ ಕೇಳುವುದಾದರೆ ಹೂಂ, ಊಹೂಂ ಎಂದು ಉತ್ತರಿಸುವಂಥದ್ದು ಕೇಳಿ. "ಫ್ಯಾನ್ ಕಮ್ಮಿ ಮಾಡಲಾ?" ಸರಿ. "ಏನಪ್ಪಾ, ಹೇಗಿದ್ದೀಯ, ಡಾಕ್ಟರ್ ಏನಂದ್ರು?" ಬೇಡ. ಒಂದು ಮಾತಿಗೂ ಇನ್ನೊಂದು ಮಾತಿಗೂ ನಡುವೆ ಬಿಡುವು ಕೊಡಿ, ಸುಮ್ನೆ ಕೂತರೂ ತಪ್ಪಿಲ್ಲ. ಐದು ನಿಮಿಷಕ್ಕೆ ಎದ್ದು ಬನ್ನಿ.

ಉಳಿದ ಹೊತ್ತು ಅಡುಗೆಮನೆಯಲ್ಲಿ ಗೆಳತಿಯ ಜೊತೆ ಕಳೆಯಿರಿ. ಅವಳಿಗೆ ಮಾತಾಡುವವರು ಸಿಕ್ಕಿ ಎಷ್ಟು ದಿನವಾಗಿರುತ್ತದೋ. ಹಣ್ಣಿನ ಬದಲು ಎರಡು ಹೊತ್ತಿಗಾಗುವ ಪಲ್ಯ, ಸಾರು ಡಬ್ಬಿಗೆ ಹಾಕಿಕೊಂಡು ಹೋಗಿ. ಡಬ್ಬಿ ತೊಳೆದು ವಾಪಸ್ ಕೊಡುವುದು ಬೇಡ ಎಂದು ಅಲ್ಲೇ ಹೇಳಿಬಿಡಿ.